ಖಾಲಿ ಕುರ್ಚಿಯಿಂದ ಎದ್ದವರು ಯಾರು?

"ಮತ್ತೆ ಹೋಯ್ತು!" ಎಂದು ಕೆರ್ತು ಚೀರಿದಳು.

ಕಂಪ್ಯೂಟರು ಆ ಹಾಳು ಸದ್ದು ಮಾಡಿತ್ತು. ಎರಡೇ ಸ್ವರ, ಮೇಲಿನಿಂದ ಕೆಳಕ್ಕೆ. ಟೇಪಿನ ಸುರುಳಿಗಳು ಏನೂ ಆಗಿಲ್ಲವೆಂಬಂತೆ ತಿರುಗುತ್ತಲೇ ಇದ್ದವು. ಆದರೆ ಹಳೇ ಟೇಪ್ ರೆಕಾರ್ಡರಿನ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸಬೇಕಾದ ಅಂಗೈಯಗಲದ ಪೆಟ್ಟಿಗೆಯ ಹಸಿರು ದೀಪ ಆರಿಹೋಗಿತ್ತು. ಒಂದು ಉಸಿರು ಬಿಡುವಷ್ಟರಲ್ಲಿ ಅದು ತಾನಾಗಿಯೇ ಹೊತ್ತಿಕೊಂಡಿತು, ನಿದ್ದೆಯಿಂದ ಎದ್ದ ಮಗುವಿನ ಹಾಗೆ.

"ಅಲ್ಲೇ ನಿಲ್ಲಿ ಕೆರ್ತು. ಏನನ್ನೂ ಮುಟ್ಟಬೇಡಿ," ಎಂದಳು ಔಲಿ.

ಕೈಯಲ್ಲಿ ಕಾಫಿ ಪಾತ್ರೆ ಹಿಡಿದ ಕೆರ್ತು ಅಲ್ಲೇ ಕಂಬವಾದಳು. "ನಾನೇನೂ ಮುಟ್ಟಿಲ್ಲಮ್ಮ. ಕಾಫಿ ಹಾಕೋಣ ಅಂತ ಎದ್ದೆ, ಅಷ್ಟೆ. ಸದ್ಯ, ಓಡ್ತಿದ್ದದ್ದು ನಮ್ಮಕ್ಕನ ಟೇಪಲ್ಲವಲ್ಲ."

ಓಡುತ್ತಿದ್ದುದು ಯಾವುದೋ ಕುಣಿತದ ಸಂಗೀತದ ಟೇಪು. ಪರೀಕ್ಷೆಗೆಂದು ಔಲಿ ಹಾಕಿದ್ದು. ಕೆರ್ತುವಿನ ಅಕ್ಕ ಹೆಲ್ವಿಯ ಧ್ವನಿಯಿದ್ದ ಸುರುಳಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಕೂತಿತ್ತು. ಅದನ್ನು ಓಡಿಸಿದಷ್ಟೂ ಮೈಯಿಂದ ಕಂದು ಪುಡಿ ಉದುರುತ್ತದೆ. ಪುಡಿಯ ಜೊತೆ ಮಾತೂ ಹೋಗುತ್ತದೆ. ಈಗಾಗಲೇ ನಾಲ್ಕು ಸಲ ನಡುವೆ ಕಡಿದುಹೋಗಿ, ನಾಲ್ಕು ಕಡೆ ಹೆಲ್ವಿಯ ಸ್ವಲ್ಪ ಸ್ವಲ್ಪ ಧ್ವನಿ ಕಳೆದುಹೋಗಿತ್ತು.

ಹೆಲ್ವಿ ಹತ್ತಿ ಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವಳು, ಕಾರ್ಮಿಕರ ಭವನದ ಗಾಯನ ತಂಡವನ್ನು ಹಾಡಿಸುತ್ತಿದ್ದವಳು. ಎಪ್ಪತ್ತಾರನೇ ಇಸವಿಯ ಏಪ್ರಿಲ್‌ನಲ್ಲಿ ಒಂದು ಸಂಜೆ, ಇದೇ ಭವನದಲ್ಲಿ ಹಾಡಿ ಹೊರಟವಳು ಮನೆ ಸೇರಲಿಲ್ಲ. ತಾಂಪೆರೆ ಊರಿಗೆ ಊರೇ ಹುಡುಕಿತು. ಜಲಪಾತದ ಕೆಳಗೆ ಬಲೆ ಹಾಕಿ ಜಾಲಾಡಿದರು. ಸಿಗಲಿಲ್ಲ. ಈಗ ಭವನದ ದುರಸ್ತಿಗೆಂದು ವೇದಿಕೆಯ ಹಲಗೆ ಕಿತ್ತಾಗ ಅದರಡಿ ಒಂದು ಟೇಪು ಸಿಕ್ಕಿತ್ತು. ಅದೇ ಸಂಜೆಯದು.

"ಕೆರ್ತು, ಮತ್ತೆ ಕೂತ್ಕೊಳ್ಳಿ," ಎಂದಳು ಔಲಿ.

"ಕಾಫಿ?"

"ಕಾಫಿ ಆಮೇಲೆ. ಕೂತ್ಕೊಳ್ಳಿ. ಹಾಂ. ಈಗ ಎದ್ದೇಳಿ."

ಕೆರ್ತು ಎದ್ದಳು. ಏನೂ ಆಗಲಿಲ್ಲ. ಮತ್ತೆ ಕೂತಳು, ಎದ್ದಳು. ಏನೂ ಇಲ್ಲ. ಮೂರನೆಯ ಸಲ ಬೇಸರದಿಂದ ದಡಕ್ಕನೆ ಎದ್ದಳು. ಎರಡು ಸ್ವರ, ಮೇಲಿನಿಂದ ಕೆಳಕ್ಕೆ. ಹಸಿರು ದೀಪ ಆರಿತು.

ಔಲಿಯ ಮೈ ಜುಮ್ಮೆಂದಿತು. ಇಂಥ ಜುಮ್ಮು ಕಂಡು ಎಷ್ಟೋ ಕಾಲವಾಗಿತ್ತು.

ಎರಡು ದಿನದಿಂದ ಅವಳು ಆ ಕೋಣೆಯಲ್ಲಿ ಕೂತು ಒಂದೊಂದನ್ನೇ ಬದಲಿಸಿ ನೋಡಿದ್ದಳು. ಯು.ಎಸ್.ಬಿ. ಕಿಂಡಿ ಬದಲಿಸಿದಳು. ಕಂಪ್ಯೂಟರು ಕರೆಂಟು ಉಳಿಸಲೆಂದು ಪೆಟ್ಟಿಗೆಯನ್ನು ಮಲಗಿಸುತ್ತಿದೆಯೇನೋ ಎಂದು ಆ ಏರ್ಪಾಡನ್ನು ತೆಗೆದಳು. ಪಕ್ಕದ ಅಡುಗೆಮನೆಯ ಫ್ರಿಜ್ಜು ಶುರುವಾದಾಗಲೆಲ್ಲ ಕಿವಿಗೊಟ್ಟು ಕೂತಳು. ಒಂದು ಸಲಕ್ಕೆ ಒಂದೇ ಬದಲಾವಣೆ. ಈ ಶಿಸ್ತನ್ನು ಕಲಿಸಿದ್ದು ಅವಳು ಮೊದಲು ಕೆಲಸಕ್ಕಿದ್ದ ನೋಕ್ಕೆ ದಾರಿಯ ಕಂಪ್ಯೂಟರು ಕಾರ್ಖಾನೆ. ಅದು ಮುಚ್ಚಿ ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಮಕ್ಕಳು ಟ್ರಾಂಪೊಲಿನ್ ಮೇಲೆ ಕುಣಿಯುತ್ತಾರೆ.

ಆ ದಿನಗಳೇ ಬೇರೆ. ವಸಂತ ಬಂತೆಂದರೆ ಕಾರ್ಖಾನೆಯ ದೊಡ್ಡ ಹಜಾರದಲ್ಲಿ ಜೋಡಣೆಯ ವಾರ. ಕ್ಯಾಮೆರಾ ಮಾಡುವವರು, ಪ್ರಿಂಟರು ಮಾಡುವವರು, ಮೌಸು ಮಾಡುವವರು, ಯಾವ ಯಾವ ದೇಶದಿಂದಲೋ ಪೆಟ್ಟಿಗೆ ಹೊತ್ತು ಬರುತ್ತಿದ್ದರು. ಒಂದೊಂದು ಮೇಜಿನ ಮುಂದೆ ನಿಂತು, ತಮ್ಮ ಯಂತ್ರವನ್ನು ಇನ್ನೊಬ್ಬರ ಯಂತ್ರಕ್ಕೆ ಸಿಕ್ಕಿಸಿ ಜಾತಕ ನೋಡುತ್ತಿದ್ದರು. ಕೂಡಿ ಬಂದರೆ ಚಪ್ಪಾಳೆ. ಬರದಿದ್ದರೆ, ಅದರಲ್ಲೂ ಒಮ್ಮೆ ಕೂಡಿ ಒಮ್ಮೆ ಮುನಿಸಿಕೊಂಡರೆ, ಕಿಟಕಿ ಪಕ್ಕದ ಮೂಲೆಗೆ ಕಳಿಸುತ್ತಿದ್ದರು. ಆ ಮೂಲೆಯಲ್ಲಿ ಔಲಿ ಮತ್ತು ಇಲ್ಪೊ ಇರುತ್ತಿದ್ದರು. ಗುರುವಾರ ಕ್ಯಾಂಟೀನಿನಲ್ಲಿ ಬಟಾಣಿ ಸೂಪು; ಅದು ಆರಿ ತಣ್ಣಗಾಗುವವರೆಗೂ ಇಬ್ಬರೂ ಒಂದು ಕೇಬಲ್ಲಿನ ಬಗ್ಗೆ ಜಗಳವಾಡಿದ್ದುಂಟು. ಕಾದ ಪ್ಲಾಸ್ಟಿಕ್ಕಿನ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ಈಗಲೂ ಔಲಿಗೆ ಹಸಿವಾಗುತ್ತದೆ.

ಕಾರ್ಖಾನೆ ಮುಚ್ಚಿದ ಮೇಲೆ ಅವಳು ವಿಮಾ ಕಂಪನಿಗಳಿಗೆ ಯಂತ್ರಗಳ ತಂಟೆ ಪತ್ತೆ ಮಾಡಿಕೊಡುತ್ತ, ಅದರ ಬೆನ್ನಿಗೇ ಮನುಷ್ಯರ ತಂಟೆಯನ್ನೂ ಪತ್ತೆ ಮಾಡತೊಡಗಿದಳು. ಇಲ್ಪೊ ಹಳೇ ಟೇಪುಗಳಿಗೆ ಮರುಜೀವ ಕೊಡುವ ಕೆಲಸ ಹಿಡಿದ. ಹೆಲ್ವಿಯ ಟೇಪನ್ನು ಕೆರ್ತು ತಂದುಕೊಟ್ಟಿದ್ದು ಅವನಿಗೇ. ಅದು ಪದೇ ಪದೇ ಕಡಿದುಹೋದಾಗ, "ಇದು ನನ್ನ ಕೈಲಾಗಲ್ಲ, ಔಲೀನ ಕರೀರಿ," ಎಂದವನೂ ಅವನೇ.

ಔಲಿ ಬಗ್ಗಿ ಪೆಟ್ಟಿಗೆಯ ಕೇಬಲ್ಲನ್ನು ಬೆಳಕಿಗೆ ಹಿಡಿದಳು. ಪಾರದರ್ಶಕವಾದ ನೀಲಿ ಕೇಬಲ್ಲು, ನೋಡಲು ಬಲು ಚೆಂದ. ಅಂಥದ್ದನ್ನು ಜೋಡಣೆಯ ವಾರದಲ್ಲಿ ನೆನಪಿಗೆಂದು ಎಲ್ಲರಿಗೂ ಹಂಚುತ್ತಿದ್ದರು. ಇಲ್ಪೊ ಇಷ್ಟು ವರ್ಷ ಅದನ್ನು ಜೋಪಾನ ಮಾಡಿದ್ದಾನೆ! ಅವಳು ಕೇಬಲ್ಲನ್ನು ಬೆರಳಲ್ಲಿ ಸವರಿದಳು. ಮರುಕ್ಷಣವೇ ನಗು ಬಂತು.

"ಇಲ್ನೋಡಿ ಕೆರ್ತು. ಒಳಗೆ ತಂತಿ ಕಾಣ್ತಿದೆಯಲ್ಲ? ಅದರ ಸುತ್ತ ಲೋಹದ ಬಲೆ ಇರಬೇಕಿತ್ತು. ಚೆಂದ ಕಾಣಲಿ ಅಂತ ಬಿಟ್ಟಿದ್ದಾರೆ. ಇದು ಬೆತ್ತಲೆ ಕೇಬಲ್ಲು."

"ಅದಕ್ಕೂ ನಾನು ಏಳೋದಕ್ಕೂ ಏನಮ್ಮ ಸಂಬಂಧ?"

"ಕುರ್ಚಿ ಕಣ್ರೀ. ಈ ಮೇಲೆ ಕೆಳಗೆ ಆಡೋ ಕುರ್ಚಿಯ ಕಂಬದೊಳಗೆ ಗಾಳಿ ಒತ್ತಿಟ್ಟಿರ್ತಾರೆ. ನೀವು ದಡಕ್ಕಂತ ಎದ್ರೆ ಕಂಬ ಜಿಗಿಯುತ್ತೆ, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಿಡಿ ಹಾರುತ್ತೆ. ಹೊರಗೆ ಇಷ್ಟು ಒಣ ಚಳಿ ಇದ್ದಾಗ ಇನ್ನೂ ಜಾಸ್ತಿ. ಆ ಕಿಡಿ ಈ ಬೆತ್ತಲೆ ಕೇಬಲ್ಲಿಗೆ ತಾಗುತ್ತೆ, ಪೆಟ್ಟಿಗೆ ಮೂರ್ಛೆ ಹೋಗುತ್ತೆ."

"ಅಂದ್ರೆ ಪೆಟ್ಟಿಗೆ ಕೆಟ್ಟಿಲ್ಲ?"

"ಪೆಟ್ಟಿಗೆ ಒಳ್ಳೇದೇ. ಕೇಬಲ್ಲೂ ಬೇರೆ ಕೋಣೇಲಿ ಚೆನ್ನಾಗೇ ಕೆಲಸ ಮಾಡುತ್ತೆ. ಕುರ್ಚಿ ಅಂತೂ ಸೊಗಸಾಗಿದೆ. ಮೂರೂ ಒಂದೇ ಕಡೆ ಸೇರಬಾರದಿತ್ತು."

ಕೆರ್ತು ಮತ್ತೆ ಕುರ್ಚಿಯಲ್ಲಿ ಕೂತು ದೊಡ್ಡದಾಗಿ ಉಸಿರು ಬಿಟ್ಟಳು. "ಹಾಗಾದ್ರೆ ಮುಗೀತು ಬಿಡಿ. ಒಳ್ಳೇ ಕೇಬಲ್ ತರಿಸೋಣ."

ಔಲಿ ಕೆರ್ತುವಿನ ಕಾಲುಗಳನ್ನೇ ನೋಡುತ್ತಿದ್ದಳು. ಅವು ನೆಲ ಮುಟ್ಟದೆ ಜೋಲಾಡುತ್ತಿದ್ದವು. ತಾನು ಬಂದ ದಿನವೇ ಔಲಿ ಈ ಕುರ್ಚಿ ಹತ್ತಲು ಒದ್ದಾಡಿ ಮೂಲೆಯ ಸ್ಟೂಲನ್ನು ಎಳೆದುಕೊಂಡಿದ್ದಳು. ಇಲ್ಪೊ ತನಗಿಂತಲೂ ಗಿಡ್ಡ.

"ಕೆರ್ತು, ಟೇಪು ಕಡಿದುಹೋದಾಗ ಈ ಕೋಣೇಲಿ ಯಾರಿದ್ರು?"

"ಯಾರೂ ಇರ್ಲಿಲ್ಲ. ಟೇಪು ಹಾಕಿ, ಬಾಗಿಲು ಎಳ್ಕೊಂಡು ಮೇಲೆ ಕಾಫಿಗೆ ಹೋಗ್ತಿದ್ದೆ ಅಂತ ಇಲ್ಪೊನೇ ಹೇಳಿದ್ನಲ್ಲ. ನಾಲ್ಕು ಸಲವೂ ಅಷ್ಟೇ."

"ಖಾಲಿ ಕುರ್ಚಿ ತಾನಾಗೇ ಕಿಡಿ ಹಾರಿಸಲ್ಲ ಕೆರ್ತು. ಯಾರೋ ಇದರಲ್ಲಿ ಕೂತಿದ್ರು. ಕೂತು, ಎದ್ದಿದಾರೆ. ಉದ್ದ ಕಾಲಿನವರು."

ಕೆರ್ತುವಿನ ಮುಖ ಬಿಳಿಚಿತು. ಭವನದ ಬೀಗದ ಕೈ ಇದ್ದ ಉದ್ದ ಕಾಲಿನವನು ಒಬ್ಬನೇ. ಅವನ ಹೆಸರನ್ನು ಅವಳು ಇಷ್ಟು ವರ್ಷ ಬಾಯಲ್ಲಿ ಆಡಿರಲಿಲ್ಲ.

"ಓಸ್ಮೊ," ಎಂದಳು. "ಪಿಯಾನೊ ಸರಿ ಮಾಡೋಕೆ ಬರ್ತಾನೆ. ನಮ್ಮಕ್ಕನ ಹಿಂದೆ ಸುತ್ತುತಿದ್ದವನು. ಆವಾಗ್ಲೂ ಪೊಲೀಸ್ರು ಅವನನ್ನೇ ಕರ್ಕೊಂಡು ಹೋಗಿದ್ರು."

ಕಂಪ್ಯೂಟರಿನಲ್ಲಿ ಉಳಿದ ತುಣುಕುಗಳನ್ನು ಔಲಿ ಹಾಕಿದಳು. ಮೊದಲ ಸಲದ್ದು ಕೆಟ್ಟುಹೋಗಿದೆ, ತೆರೆಯುವುದಿಲ್ಲ, ಟೇಪು ಇನ್ನಷ್ಟು ಉದುರದಿರಲೆಂದು ಆಮೇಲೆ ಪ್ರತಿ ಸಲವೂ ಕಡಿದಲ್ಲಿಂದ ಮುಂದಕ್ಕಷ್ಟೇ ಓಡಿಸಿದೆ ಎಂದು ಇಲ್ಪೊ ಹೇಳಿದ್ದ. ಉಳಿದ ಮೂರರ ಕೊನೆಯನ್ನು ಇಬ್ಬರೂ ಕಿವಿಗೆ ಕಿವಿ ತಾಗಿಸಿ ಕೇಳಿದರು. ಮೂರೂ ಕಡೆ ಒಂದೇ ರೀತಿ. ಗದ್ದಲ, ಕೆಮ್ಮು, ಯಾರದೋ ನಗು. ಆಮೇಲೆ ಹೆಲ್ವಿ ಮೂಗಿನಲ್ಲೇ ಒಂದು ಸ್ವರ ಹಿಡಿಯುತ್ತಾಳೆ, ತಂಡಕ್ಕೆ ಶ್ರುತಿ ಕೊಡುವ ಸ್ವರ. ಅಷ್ಟೆ. ಅಲ್ಲಿಗೆ ಕಡಿಯುತ್ತದೆ.

ಕೆರ್ತು ಕಣ್ಣೊರೆಸಿಕೊಂಡಳು. ಔಲಿ ಕೋಟು ಹಾಕಿಕೊಂಡಳು.

*

ಓಸ್ಮೊವಿನ ಕಾರ್ಯಾಗಾರ ಪಿಸ್ಪಾಲಾ ದಿಬ್ಬದ ಮೇಲಿತ್ತು. ಕಿಟಕಿಯಾಚೆ ಹೆಪ್ಪುಗಟ್ಟಿದ ಸರೋವರದ ಮೇಲೆ ಒಬ್ಬ ಮುದುಕ ಮಂಜಿಗೆ ತೂತು ಕೊರೆದು ಮೀನಿಗೆ ಗಾಳ ಬಿಟ್ಟು ಕೂತಿದ್ದ. ಒಳಗೆ ಹೊಟ್ಟೆ ಬಿಚ್ಚಿದ ಎರಡು ಪಿಯಾನೊ. ಓಸ್ಮೊ ಬಾಗಿಲ ಚೌಕಟ್ಟಿಗೆ ತಲೆ ತಾಗದಂತೆ ಬಗ್ಗಿ ಬಂದು, ಏನೂ ಕೇಳದೆ ಎರಡು ಲೋಟಕ್ಕೆ ಕಾಫಿ ಸುರಿದ. ಮುಂದೆ ಏಲಕ್ಕಿ ಬನ್ನಿನ ತಟ್ಟೆ ಇಟ್ಟ.

"ನೀವು ಭವನದ ಟೇಪಿನ ಕೋಣೆಗೆ ಹೋಗಿದ್ರಿ," ಎಂದಳು ಔಲಿ.

"ನಾನು ಪಿಯಾನೊಗೆ ಹೋಗೋನು. ಟೇಪಿಗೂ ನನಗೂ ಏನು?"

"ಹೋಗಿದ್ರಿ. ಕುರ್ಚಿಯಲ್ಲಿ ಕೂತಿದ್ರಿ. ಕುರ್ಚಿ ಎತ್ತರಿಸಿಕೊಂಡ್ರಿ. ಆಮೇಲೆ ಇಳಿಸೋದು ಮರೆತ್ರಿ."

"ನೋಡಿದವರು ಯಾರಂತೆ?"

"ಯಾರೂ ನೋಡಿಲ್ಲ. ನೀವು ಎದ್ದಾಗೆಲ್ಲ ಕಂಪ್ಯೂಟರಿನಲ್ಲಿ ಟೇಪು ಕಡಿದುಹೋಯ್ತು. ನೀವು ಎದ್ದಿದ್ದು ಅದರಲ್ಲಿ ಉಳಿದಿದೆ."

ಓಸ್ಮೊ ಕಾಫಿ ಲೋಟವನ್ನು ತುಟಿಯವರೆಗೆ ತಂದವನು ಹಾಗೇ ಕೆಳಗಿಟ್ಟ. "ನಾನು ಎದ್ದಿದ್ದಕ್ಕಾ?"

"ಹೌದು."

"ಅಂದ್ರೆ ಅವಳ ಧ್ವನಿ... ಹಾಳಾಗಿದ್ದು ನನ್ನಿಂದಾನಾ?"

ಔಲಿ ಎಷ್ಟೋ ಸುಳ್ಳುಗಾರರ ಮುಂದೆ ಕೂತವಳು. ಅವರು ಮೊದಲು ತಮ್ಮ ಕತ್ತು ಕಾಪಾಡಿಕೊಳ್ಳುತ್ತಾರೆ. ಇವನು ಮಾತ್ರ ಟೇಪಿಗೆ ಮರುಗುತ್ತಿದ್ದ. ಆದರೂ ಅವಳು ಬಿಡಲಿಲ್ಲ.

"ಯಾಕೆ ಕದ್ದು ಹೋದ್ರಿ ಓಸ್ಮೊ? ಅದರಲ್ಲಿ ಏನು ಇರಬಾರದು ಅಂತ ಭಯ ಇತ್ತು ನಿಮಗೆ?"

"ಕದ್ದು ಹೋಗದೆ? ಬಾಗಿಲು ತಟ್ಟಿ ಹೋಗ್ಲಾ? 'ಕೆರ್ತು, ನಿಮ್ಮಕ್ಕನ್ನ ಕೊಂದವನು ಬಂದಿದೀನಿ, ಒಂಚೂರು ಅವಳ ಹಾಡು ಕೇಳಿಸಿ' ಅಂತ?" ಅವನ ದನಿ ಏರಲಿಲ್ಲ. ಅದೇ ಔಲಿಗೆ ಹೆಚ್ಚು ನಾಟಿತು. "ಈ ಊರಲ್ಲಿ ನನ್ನ ಕಂಡ್ರೆ ಜನ ರಸ್ತೆ ದಾಟಿ ಆ ಕಡೆ ಹೋಗ್ತಿದ್ರು. ಈಗ ಹೋಗಲ್ಲ. ಯಾಕೆ ಅಂದ್ರೆ ಹಾಗೆ ಹೋಗೋರೆಲ್ಲ ಸತ್ತುಹೋಗಿದಾರೆ."

"ಮೂರು ಕಡೆ ಹೆಲ್ವಿ ಸ್ವರ ಹಿಡಿತಾಳೆ. ಮೂರು ಕಡೆಯೂ ನೀವು ಎದ್ದಿದೀರಿ. ಆ ಸ್ವರಕ್ಕೇ ಯಾಕೆ?"

ಓಸ್ಮೊ ಪಿಯಾನೊದ ಒಂದು ಕೀಲಿ ಒತ್ತಿದ. ಅದೇ ಸ್ವರ. ಕೋಣೆಯಲ್ಲಿ ಅದು ಕರಗುವವರೆಗೂ ಕಾದ.

"ಶ್ರುತಿ ಕೊಟ್ರೆ ಏಳಬೇಕು. ಕೂತ್ಕೊಂಡು ಹಾಡೋಕೆ ಬಿಡ್ತಿರ್ಲಿಲ್ಲ ಅವಳು. ದಿನವಿಡೀ ಗಿರಣೀಲಿ ನಿಂತು ಬಂದವರು ನಾವು, ಕಾಲು ನೋವು ಅಂತಿದ್ವಿ. 'ಹಾಡೋವಾಗ ಯಾರ ಕಾಲೂ ನೋಯಲ್ಲ, ಎದ್ದೇಳ್ರೋ' ಅಂತ ಬಯ್ತಿದ್ಲು. 'ಓಸ್ಮೊ, ಅಷ್ಟುದ್ದ ಬೆಳೆದಿದೀಯ, ಮಡಚಿಡ್ಬೇಡ' ಅಂತ." ಅವನು ನಕ್ಕ, ನಗು ಅರ್ಧಕ್ಕೇ ನಿಂತಿತು. "ನಾನು ಏಳ್ಬೇಕು ಅಂತ ಎದ್ದಿಲ್ಲಮ್ಮ. ಅವಳು ಸ್ವರ ಹಿಡಿದ್ಲು, ಕಾಲು ತಾನಾಗೇ ಎದ್ವು. ಟೇಪು ಕಡಿಯೋದು ಕಂಪ್ಯೂಟರಲ್ಲಿ ತಾನೆ? ನನ್ನ ಕಿವಿಗೆ ಅವಳು ಹಾಡ್ತಾನೇ ಇದ್ಲು. ನಾನು ನಿಂತು ಜೊತೇಲಿ ಹಾಡಿದೆ. ಮೆಲ್ಲಗೆ."

ಔಲಿ ಬನ್ನು ಮುರಿದಳು, ತಿನ್ನಲಿಲ್ಲ. ಮೂಗಿಗೆ ಏಲಕ್ಕಿಯ ವಾಸನೆ ಬಂತು. ತನ್ನ ತಾಯಿಯೂ ಅದೇ ಗಿರಣಿಯವಳು; ಭಾನುವಾರ ಒಲೆಯ ಮುಂದೆ ನಿಂತು ಗುನುಗುತ್ತಿದ್ದಳು. ಆ ಧ್ವನಿ ಯಾವ ಟೇಪಿನಲ್ಲೂ ಇಲ್ಲ. ಇದ್ದಿದ್ದರೆ ತಾನೂ ಬೀಗ ತೆಗೆದು ಹೋಗುತ್ತಿದ್ದೆನೋ ಏನೋ.

"ಮೂರು ಸಲದ್ದು ತಿಳೀತು," ಎಂದಳು ಕೊನೆಗೆ. "ಕಡಿದಿದ್ದು ನಾಲ್ಕು ಸಲ. ಮೊದಲನೇ ಸಲವೂ ನೀವೇ ತಾನೆ?"

"ಮೊದಲನೇ ಸಲ ನಾನು ಹೇಗೆ ಬರ್ಲಿ? ಟೇಪು ಸಿಕ್ಕಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಮಾರ್ಕೆಟ್ಟಲ್ಲಿ ಕೆರ್ತು ಯಾರ ಹತ್ರಾನೋ ಅಳ್ತಾ ಹೇಳ್ತಿದ್ಲು, ನಮ್ಮಕ್ಕನ ಟೇಪು ಸಿಕ್ತು, ಹಾಕಿದ ಕೂಡ್ಲೇ ಕಡಿದುಹೋಯ್ತು ಅಂತ. ನಾನು ಹಿಂದೆ ನಿಂತಿದ್ದೆ. ಆಗ್ಲೇ ನಂಗೆ ತಿಳಿದಿದ್ದು. ಬೇಕಾದ್ರೆ ಅವಳನ್ನೇ ಕೇಳಿ."

ಕೇಳುವ ಅಗತ್ಯ ಬೀಳಲಿಲ್ಲ. ಮಾರ್ಕೆಟ್ಟಿನಲ್ಲಿ ಎಲ್ಲರ ಮುಂದೆ ಅತ್ತುಬಿಟ್ಟೆ ಎಂದು ಕೆರ್ತು ತಾನೇ ನಾಚಿಕೊಂಡು ಔಲಿಗೆ ಹೇಳಿದ್ದಳು.

ಹಾಗಾದರೆ ಮೊದಲ ದಿನ ಆ ಕುರ್ಚಿಯಿಂದ ಎದ್ದವರು ಯಾರು?

ಹೊರಗೆ ಬಂದಾಗ ಗಾಳಿ ಮುಖಕ್ಕೆ ಸೂಜಿಯಂತೆ ಚುಚ್ಚಿತು. ಬಸ್ಸಿನಲ್ಲಿ ಕೂತ ಔಲಿ ಒಂದು ಮಾತನ್ನು ಬೇಡವೆಂದರೂ ತಿರುಗಿ ತಿರುಗಿ ಯೋಚಿಸಿದಳು. ಕಡತ ಕೆಟ್ಟುಹೋಗಿದೆ, ತೆರೆಯುವುದಿಲ್ಲ ಎಂದು ಇಲ್ಪೊ ಹೇಳಿದ್ದ. ಧ್ವನಿ ಬರೆಯುವಾಗ ಯಂತ್ರ ದಿಢೀರನೆ ನಿಂತರೆ, ಕಡತದ ತಲೆಯಲ್ಲಿ ಅದರ ಉದ್ದ ನಮೂದಾಗುವುದಿಲ್ಲ, ಅದಕ್ಕೇ ತೆರೆಯುವುದಿಲ್ಲ. ತಲೆ ಸರಿಮಾಡಿದರೆ ಧ್ವನಿಯೆಲ್ಲ ಒಳಗೇ ಇರುತ್ತದೆ. ಇದನ್ನು ಕಿಟಕಿ ಪಕ್ಕದ ಆ ಮೂಲೆಯಲ್ಲಿ ಕೂತು ಅವಳಿಗೆ ಕಲಿಸಿದವನು ಇಲ್ಪೊನೇ; ಹಾಗೆಯೇ ಕಡಿದ ಉಳಿದ ಮೂರನ್ನು ಸರಿಮಾಡಿಟ್ಟವನೂ ಅವನೇ.

*

ಟೇಪಿನ ಕೋಣೆಯಲ್ಲಿ ಯಾರೂ ಇರಲಿಲ್ಲ. ಕೆರ್ತು ಮನೆಗೆ ಹೋಗಿ ಬರುತ್ತೇನೆಂದು ಹೇಳಿ ಹೋಗಿದ್ದಳು. ಔಲಿ ಕೋಟು ಕೂಡ ಬಿಚ್ಚದೆ ಸ್ಟೂಲಿನ ಮೇಲೆ ಕೂತಳು. ಕಡತವನ್ನು ಸರಿಮಾಡುವುದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತಿನ ಕೆಲಸ. ಅವಳ ಬೆರಳುಗಳಿಗೆ ಎಲ್ಲ ನೆನಪಿತ್ತು.

ಹೆಡ್‌ಫೋನಿನಲ್ಲಿ ಮೊದಲು ಸುಯ್ಯೆನ್ನುವ ಸದ್ದು. ಆಮೇಲೆ ದೊಡ್ಡ ಖಾಲಿ ಹಜಾರದ ಗುಂಯ್‌ಗುಡುವಿಕೆ. ಇನ್ನೂ ಯಾರೂ ಬಂದಿಲ್ಲ. ಒಂದು ಹೆಜ್ಜೆ ಸದ್ದು, ಯಾರೋ ಮೈಕಿಗೆ ಬೆರಳು ತಟ್ಟಿದ ಸದ್ದು. ನಂತರ ಹೆಲ್ವಿ, ತೀರಾ ಹತ್ತಿರದಲ್ಲಿ, ಪಿಸುದನಿಯಲ್ಲಿ:

"ಅವರೆಲ್ಲ ಬರೋಷ್ಟ್ರಲ್ಲಿ ನೀನು ಹೊರಡು, ಇಲ್ಪೊ. ನಾಳೆ ಬೆಳಿಗ್ಗೆ ಸ್ಟೇಷನ್‌ನಲ್ಲಿ..."

ಅಲ್ಲಿಗೆ ಕಡಿದಿತ್ತು.

ಔಲಿ ಮತ್ತೆ ಹಾಕಿದಳು. ಮತ್ತೆ ಹಾಕಿದಳು. ಇಲ್ಪೊ ಎಂಬ ಹೆಸರಿನವರು ಊರಲ್ಲಿ ಎಷ್ಟೋ ಜನ ಇರಬಹುದು. ಆದರೆ ಆ ಹೆಸರು ಕೇಳಿ ಈ ಕುರ್ಚಿಯಿಂದ ದಡಕ್ಕನೆ ಎದ್ದವನು ಒಬ್ಬನೇ. ಕಾರ್ಖಾನೆ ಸೇರುವವರೆಗೂ ತಾಂಪೆರೆ ಕಂಡೇ ಇರಲಿಲ್ಲ ಎಂದು ಅವನು ಎಷ್ಟು ಸಲ ಹೇಳಿದ್ದ! ಉತ್ತರದ ಕಡೆಯವನೆಂದು ಎಲ್ಲರೂ ಅವನ ಮಾತಿನ ಧಾಟಿಯನ್ನು ಆಡಿಕೊಳ್ಳುತ್ತಿದ್ದರು. ಔಲಿಯೇ ಎಲ್ಲರಿಗಿಂತ ಹೆಚ್ಚು.

"ತಲೆ ಸರಿ ಮಾಡಿದ್ಯಾ?"

ಬಾಗಿಲಲ್ಲಿ ಇಲ್ಪೊ ನಿಂತಿದ್ದ. ತುಪ್ಪಳದ ಟೊಪ್ಪಿಗೆ ಕೈಯಲ್ಲಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ನೀನೇ ಕಲಿಸಿದ್ದು," ಎಂದಳು ಔಲಿ. ಹೆಡ್‌ಫೋನು ತೆಗೆದಿಟ್ಟಳು. "ಯಾಕೋ? ನಿಂಗೆ ಮುಚ್ಚಿಡ್ಬೇಕಿದ್ರೆ ಕಡತಾನೇ ಅಳಿಸಬಹುದಿತ್ತು. ನನ್ನ ಯಾಕೆ ಕರೆಸಿದೆ?"

"ಅಳಿಸೋಕೆ ಕೈ ಬರ್ಲಿಲ್ಲ ಕಣೇ. ಹೇಳೋಕೆ ಬಾಯಿ ಬರ್ಲಿಲ್ಲ. ನೀನು ಬಂದ್ರೆ ಹುಡುಕ್ತೀಯ ಅಂತ ಗೊತ್ತಿತ್ತು. ನೀನು ಯಾವುದನ್ನ ತಾನೆ ಅರ್ಧಕ್ಕೆ ಬಿಟ್ಟಿದೀಯ?"

"ಅವಳಿಗೆ ಏನು ಮಾಡಿದೆ ಇಲ್ಪೊ?"

ಈ ಪ್ರಶ್ನೆ ಬರುತ್ತದೆಂದು ಕಾದಿದ್ದವನಂತೆ ಇಲ್ಪೊ ತಲೆಯಾಡಿಸಿದ. ಒಳಗೆ ಬಂದು, ಕೋಟಿನ ಒಳಜೇಬಿನಿಂದ ಚಪ್ಪಟೆಯ ರಟ್ಟಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅದರೊಳಗೆ ಒಂದು ಸಣ್ಣ ಟೇಪಿನ ಸುರುಳಿ. ಆಗಿನ ಕಾಲದಲ್ಲಿ ಹಡಗಿನವರು ಮನೆಗೆ ಮಾತು ಕಳಿಸುತ್ತಿದ್ದರಲ್ಲ, ಅಂಥದ್ದು.

"ಏನೂ ಮಾಡಲಿಲ್ಲ. ಸ್ಟೇಷನ್‌ಗೆ ಹೋದ್ವಿ, ರೈಲು ಹತ್ತಿದ್ವಿ. ಇದು ಅವಳೇ ಮಾತಾಡಿದ ಟೇಪು. ಆ ವರ್ಷದ ಮೇ ತಿಂಗಳದ್ದು."

"ಮೇ?" ಔಲಿಯ ಕೈ ಡಬ್ಬಿಯ ಮೇಲೇ ನಿಂತಿತು. "ಅವಳು ಹೋಗಿದ್ದು ಏಪ್ರಿಲ್‌ನಲ್ಲಿ. ಆ ಮೇ ತಿಂಗಳು ಇಡೀ ಓಸ್ಮೊನ ಪೊಲೀಸ್ ಠಾಣೇಲಿ ಕೂರಿಸಿದ್ರು! ಅವಳು ಬದುಕಿದಾಳೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ?"

"ಹೇಳಿದೀನಿ ಔಲಿ. ಈ ಟೇಪನ್ನ ಆವಾಗ್ಲೇ ಈ ಊರಿಗೆ ನಾನೇ ತಂದು ಕೊಟ್ಟಿದೀನಿ. ಕೊಡಬೇಕಾದವರು ಕೇಳಿದಾರೆ. ಪೂರ್ತಿ ಕೇಳಿ ನನಗೇ ವಾಪಸ್ ಕೊಟ್ರು."

"ಯಾರು?"

ಅಷ್ಟರಲ್ಲಿ ಮೆಟ್ಟಿಲ ಬಳಿ ಬೂಟಿನ ಹಿಮ ಕೊಡವುವ ಸದ್ದಾಯಿತು. ಬಾಗಿಲು ತೆರೆದುಕೊಂಡು ಕೆರ್ತು ಒಳಬಂದಳು. ಚಳಿಗೆ ಕೆನ್ನೆ ಕೆಂಪಾಗಿತ್ತು. ಮೊದಲು ಔಲಿಯನ್ನು ನೋಡಿದಳು, ಆಮೇಲೆ ಇಲ್ಪೊನನ್ನು, ಆಮೇಲೆ ಮೇಜಿನ ಮೇಲಿದ್ದ ರಟ್ಟಿನ ಡಬ್ಬಿಯನ್ನು. ನಿಧಾನವಾಗಿ ಕೈಗವಸು ಬಿಚ್ಚಿದಳು.

"ಅದನ್ನ ಇಲ್ಲಿಗ್ಯಾಕೆ ತಂದೆ ಇಲ್ಪೊ?" ಎಂದಳು, ದನಿಯಲ್ಲಿ ಒಂದಿಷ್ಟೂ ಅಚ್ಚರಿಯಿಲ್ಲದೆ.